ಸಣ್ಣಾಕಿಯ ಹೆಸರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಗುಟ್ಟೇನೂ ಅಲ್ಲ. ದಾಂಡೇಲಿಯಿಂದ ಹಳಿಯಾಳದ ಮೇಲೆ ಮುಂಡಗೋಡಕ್ಕೆ ಬಸ್ಸಿನಲ್ಲಿ ಓಡಾಡಿದವರು ಎಷ್ಟೋ ಸಲ ಅದನ್ನು ಓದಿದ್ದಾರೆ. ಅವರ ಖಾಕಿ ಅಂಗಿಯ ಜೇಬಿನ ಮೇಲೆ ಹೆಸರಿನ ಪಟ್ಟಿ ಇತ್ತು. ಆದರೂ ಬರೆಯುವುದಿಲ್ಲ, ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಡಿಪೋದಲ್ಲಿ ಎಲ್ಲರೂ ಅವರನ್ನು ಅಕ್ಕಾರ ಅನ್ನುತ್ತಿದ್ದರು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಕೂಡ. ಮನೆಯಲ್ಲಿ ಅವರು ಸಣ್ಣಾಕಿ.

ನಾನು ಡ್ರೈವರ್, ಅವರು ಕಂಡಕ್ಟರ್. ಈ ಸಂಬಂಧವೇ ವಿಚಿತ್ರ. ದಿನವೆಲ್ಲ ಒಂದೇ ಗಾಡಿಯಲ್ಲಿರುತ್ತೇವೆ, ಆದರೆ ಎದುರುಬದುರು ಕೂತು ಮುಖ ನೋಡುವುದು ಚಹಾದ ಹೊತ್ತಿಗೆ ಮಾತ್ರ. ಉಳಿದಂತೆ ನನಗೆ ಅವರು ಬೆನ್ನ ಹಿಂದಿನ ಒಂದು ದನಿ, ತಲೆಯ ಮೇಲಿನ ಕನ್ನಡಿಯಲ್ಲಿ ಆಗಾಗ ಹಾದುಹೋಗುವ ಒಂದು ಮುಖ. ಆ ದನಿಯೂ ಮುಖವೂ ಎಷ್ಟು ರೂಢಿಯಾಗಿದ್ದವೆಂದರೆ, ಅವರು ರಜೆ ಹಾಕಿದ ದಿನ ಬೇರೆ ಕಂಡಕ್ಟರ್ ಬಂದರೆ ನನಗೆ ಗೇರು ಬದಲಿಸುವುದಕ್ಕೂ ಕೈ ಹೊಂದುತ್ತಿರಲಿಲ್ಲ. ಇದನ್ನು ಅವರ ಮುಂದೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಹಾಗಾಗಿ ಹೇಳಿರಲಿಲ್ಲ.

ಅವರು ಸೀಟಿ ಊದುತ್ತಿರಲಿಲ್ಲ. “ಊದಿದ್ರ ದನಾ ಹೊಡದಂಗ ಆಗತೈತ್ರಿ” ಅನ್ನುವರು. ಗಾಡಿ ಬಿಡಬೇಕಾದರೆ “ಹೂಂ ನಡೀರಿ ಅಣ್ಣಾರ” ಎಂದರೆ ಆಯಿತು. ಮಾತಿಗೆ ಮಾತ್ರ ಬಡತನವಿರಲಿಲ್ಲ. ಹಳಿಯಾಳದ ದಾರಿಯ ಗುಂಡಿಗಳಲ್ಲಿ ಗಾಡಿ ಒಮ್ಮೆ ಜೋರಾಗಿ ಎಗರಿತು. ಹಿಂದಿನಿಂದ ದನಿ ಬಂತು: “ಅಣ್ಣಾರ, ಹಿಂದ ಕುಂತಾವ್ರು ಮಂದಿ ಅದಾರ, ಕಬ್ಬಲ್ಲ.” ಬಸ್ಸಿಗೆ ಬಸ್ಸೇ ನಕ್ಕಿತು. ಕೂಲಿ ಮುಗಿಸಿ ಹೊರಟಿದ್ದ ಸಿದ್ದಿ ಹೆಂಗಸರು ನಾಲ್ಕಾರು ಮಂದಿ ಹಿಂದಿನ ಸೀಟಿನಲ್ಲಿದ್ದರು. ಅವರಲ್ಲೊಬ್ಬಳು, “ಕಬ್ಬಿನ ಗಾಡೀನ ಇದಕ್ಕಿಂತ ಹಗೂರಕ ಹೋಗತೈತ್ರಿ ಬಾಯಾರ” ಎಂದು ಇನ್ನೊಂದು ಸೇರಿಸಿದಳು. ನಾನು ಸಿಟ್ಟು ಬಂದವನಂತೆ ಹಾರ್ನ್ ಒತ್ತಿದೆ. ಒಳಗೊಳಗೇ ನನಗೂ ನಗು ಬಂದಿತ್ತು.

ಒಂದು ಸಲ ಸನವಳ್ಳಿಯ ಹತ್ತಿರ ಮುದುಕಿಯೊಬ್ಬಳು ಒಬ್ಬಳೇ ಬಸ್ಸು ಹತ್ತಿದಳು. ಎಲ್ಲಿಗೆ ಅಂದರೆ ತವರಿಗೆ ಅಂದಳು. ಯಾವೂರು ಅಂದರೆ ಹೇಳಲು ಬಾರದು. ಯಾರೋ ಒಬ್ಬ ಅರಳುಮರಳು ಎಂದು ನಕ್ಕ. ಅಕ್ಕಾರ ಅವನತ್ತ ತಿರುಗಿ ನೋಡಿದ್ದಷ್ಟೇ, ಅವನ ನಗು ನಿಂತಿತು. ಮುದುಕಿಯನ್ನು ತಮ್ಮ ಸೀಟಿನಲ್ಲಿ ಕೂರಿಸಿಕೊಂಡು ಕೇಳಿದರು, “ತವರಮನೀ ಮುಂದ ಏನೈತ್ರಿ ಅಜ್ಜಿ?”

“ಹುಣಸೀ ಗಿಡ.”

“ಹಂಗಾರ ಹುಣಸೀ ಗಿಡ ಬಂದಾಗ ಹೇಳ್ರಿ, ಇಳಸ್ತೇನಿ.”

ದಾರಿಯುದ್ದಕ್ಕೂ ಎಷ್ಟೋ ಹುಣಸೆ ಮರ ಬಂದವು. ಒಂದೂ ಆಕೆಯದಲ್ಲ. ಮುಂಡಗೋಡ ಮುಟ್ಟಿ, ಆಕೆಗೆ ಚಹಾ ಕುಡಿಸಿ, ಅದೇ ಗಾಡಿಯಲ್ಲಿ ತಿರುಗಿ ಕರೆತಂದೆವು. ಹತ್ತಿದ ಜಾಗದಲ್ಲಿ ಮಗ ಗಾಬರಿಯಾಗಿ ಹುಡುಕುತ್ತ ನಿಂತಿದ್ದ. ಮುದುಕಿ ಇಳಿದವಳೇ ಎದುರಿಗಿದ್ದ ಕರೆಂಟಿನ ಕಂಬ ತೋರಿಸಿ, “ಇದ ನೋಡವ್ವ ಹುಣಸೀ ಗಿಡ” ಅಂದಳು. ಅಕ್ಕಾರ ಕಂಬದ ತುದಿಯವರೆಗೂ ಕತ್ತೆತ್ತಿ ನೋಡಿ, “ಹೌದಲ್ರಿ, ಎಷ್ಟ ಎತ್ತರ ಬೆಳದೈತಿ” ಅಂದರು. ಆಮೇಲೆ ಮಗನನ್ನು ಒಂದು ಬದಿಗೆ ಕರೆದು ಏನೋ ಹೇಳಿದರು. ಗಾಡಿ ಹೊರಟ ಮೇಲೆ ಕನ್ನಡಿಯಲ್ಲಿ ನೋಡಿದರೆ, ಅವರು ಆ ಕಂಬದತ್ತಲೇ ತಿರುಗಿ ನಿಂತಿದ್ದರು.

ಅಕ್ಕಾರರಿಗೆ ಒಂದು ಅಭ್ಯಾಸವಿತ್ತು. ಟ್ರಿಪ್ ಮುಗಿದು ಜನ ಇಳಿದ ಮೇಲೆ ಖಾಲಿ ಬಸ್ಸಿನಲ್ಲಿ ನಿಂತು, ಕಣ್ಣು ಮುಚ್ಚಿ ಏನನ್ನೋ ಪಿಟಿಪಿಟಿ ಅನ್ನುತ್ತಿದ್ದರು. ಲಿಂಗ ಕಟ್ಟಿದ ಮನೆತನ, ಏನೋ ಮಂತ್ರವಿರಬೇಕೆಂದು ನಾನು ಸುಮ್ಮನಿದ್ದೆ. ಒಂದು ದಿನ, ಹಳಿಯಾಳದಲ್ಲೇ ಮುಗಿಯುವ ಟ್ರಿಪ್ಪಿನ ಕೊನೆಗೆ, ಕಿವಿಗೆ “ಕೆಸರೊಳ್ಳಿ” ಅಂತ ಬಿತ್ತು. ನಾನು ಬಿಡುವವನೇ?

“ಅಕ್ಕಾರ, ಈ ಕೆಸರೊಳ್ಳಿ ಯಾವ ದೇವ್ರರಿ? ಕೇಳೇ ಇಲ್ಲ.”

ಅವರು ನಗಲಿಲ್ಲ. “ಸ್ಟಾಪು ಎಣಸಾಕ್ಹತ್ತೇನ್ರಿ. ತಿರುವಿ, ಕಡೀಯಿಂದ ಮೊದಲಿಗೆ. ಹಳಿಯಾಳ, ಕೆಸರೊಳ್ಳಿ, ಕರ್ಕಾ, ಅಂಬೇವಾಡಿ, ದಾಂಡೇಲಿ” ಅಂದರು. ಯಾಕೆ ಅಂದೆ. “ಚಾ ಕುಡಿಯೂಣು ಬರ್ರಿ, ಹೇಳತೇನಿ” ಅಂದರು. ಹಳಿಯಾಳದ ಸ್ಟ್ಯಾಂಡಿನ ಹೊರಗೆ, ನಾವು ದಿನವೂ ಕುಡಿಯುತ್ತಿದ್ದ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇದು.

ಅವರ ಊರು ಹಳಿಯಾಳದ ಬಗಲಲ್ಲೇ. ಅಪ್ಪನ ತಾಯಿ, ಅಂದರೆ ಅವರ ಅಜ್ಜಿ, ಇವರು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಆ ಅಜ್ಜಿಗೆ ಮರೆವು. ತನ್ನ ಮನೆಯ ಬಾಗಿಲನ್ನು ತಾನೇ ಹೊರಗಿನಿಂದ ಬಡಿದು, “ಒಳಗ ಯಾರದೀರಿ?” ಎಂದು ಕೇಳುತ್ತಿದ್ದರಂತೆ. ಆಕೆ ತೀರಿದ ಮೇಲೆ ಆಕೆಯ ಹೆಸರನ್ನು ಇಬ್ಬರು ಮೊಮ್ಮಕ್ಕಳಿಗೆ ಇಟ್ಟರು, ಮೊದಲು ದೊಡ್ಡಪ್ಪನ ಮಗಳಿಗೆ, ಆಮೇಲೆ ಇವರಿಗೆ. ನಮ್ಮ ಕಡೆ ಸತ್ತವರ ಹೆಸರು ಹೀಗೆ ಮನೆಗೆ ತಿರುಗಿ ಬರುತ್ತದೆ. ಆದರೆ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅತ್ತೆಯ ಹೆಸರಿನ ಮಗಳನ್ನು ಅವ್ವ ಏನೆಂದು ಕೂಗಬೇಕು? ಅದಕ್ಕೇ ಆ ಮನೆಯಲ್ಲಿ ಒಬ್ಬಳು ದೊಡ್ಡಾಕಿ ಆದಳು, ಒಬ್ಬಳು ಸಣ್ಣಾಕಿ. ಇವರ ನಿಜವಾದ ಹೆಸರನ್ನು ಮೊದಲು ಜೋರಾಗಿ ಕೂಗಿದ್ದು ಸಾಲಿಯ ಮಾಸ್ತರರು. ತನ್ನನ್ನೇ ಕೂಗುತ್ತಿದ್ದಾರೆಂದು ತಿಳಿಯದೆ ಸುಮ್ಮನೆ ಕೂತಿದ್ದರಂತೆ.

ದೊಡ್ಡಾಕಿ ವಯಸ್ಸಿನಲ್ಲಿ ಇವರಿಗಿಂತ ಬಹಳ ದೊಡ್ಡವರು, ಇವರನ್ನು ಎತ್ತಿ ಆಡಿಸಿದವರು. ಅರವತ್ತರ ಹತ್ತಿರ ಬಂದಾಗ ಅವರಿಗೂ ಮರೆವು ಹತ್ತಿತು. ಮೊದಲು ಒಲೆಯ ಮೇಲೆ ಇಟ್ಟದ್ದು, ಆಮೇಲೆ ಮಕ್ಕಳ ಮುಖ, ಕೊನೆಗೆ ಅವರೂ ಬಾಗಿಲು ಬಡಿಯತೊಡಗಿದರು. ಊರವರು ಕೂಡಿ ಒಂದು ತೀರ್ಮಾನಕ್ಕೆ ಬಂದರು, ಕಾಯಿಲೆ ಆ ಹೆಸರಿನಲ್ಲೇ ಇದೆ ಎಂದು. ಅಜ್ಜಿಯಿಂದ ಹೆಸರು ತಗೊಂಡವರು ಅದನ್ನೂ ತಗೊಂಡರು ಅಂತ. ದೊಡ್ಡಾಕಿ ತೀರಿದ ಮೇಲೆ ಆ ಮನೆತನದಲ್ಲಿ ಹುಟ್ಟಿದ ಯಾವ ಹೆಣ್ಣು ಕೂಸಿಗೂ ಆ ಹೆಸರು ಇಡಲಿಲ್ಲ.

“ಈಗ ಪಾಳಿ ನಂದೈತ್ರಿ ಅಣ್ಣಾರ” ಅಂದರು ಅಕ್ಕಾರ. ಡ್ಯೂಟಿಯ ಪಾಳಿ ಅನ್ನುವಂತೆಯೇ ಅಂದರು. “ಅದಕ್ಕ ದಿನಾ ತಿರುವಿ ಎಣಸ್ತೇನಿ. ಒಂದು ಸ್ಟಾಪ್ ತಪ್ಪಿದ್ರ ತಿಳಕೋಬೇಕು, ಬಂತು ಅಂತ. ಮಗಗ ಹೇಳಿಟ್ಟೇನಿ, ನಾ ಸತ್ತಮ್ಯಾಲ ನನ್ನ ಹೆಸರು ಯಾರಿಗೂ ಇಡಬ್ಯಾಡ್ರಪಾ, ನನ್ನ ಕೂಡ ಮುಗೀಲಿ ಅಂತ.”

ಹೆಸರಿನಿಂದ ಕಾಯಿಲೆ ಬರುತ್ತದೆಯೇ ಎಂದು ನಗಬಹುದಿತ್ತು. ಆದರೆ ಎದುರಿಗೆ ಕೂತವರು ನಿಜವಾಗಿ ಹೆದರಿದ್ದರು. ಇಷ್ಟು ವರ್ಷ ಬಸ್ಸು ತುಂಬ ನಗೆಯೆಬ್ಬಿಸುತ್ತಿದ್ದ ಹೆಂಗಸು ಒಳಗೆ ಇಂಥದೊಂದನ್ನು ಇಟ್ಟುಕೊಂಡು ತಿರುಗುತ್ತಿದ್ದರು. ಅವತ್ತು ಚಹಾದ ರೊಕ್ಕ ನಾನೇ ಕೊಟ್ಟೆ. ಅವರು ತಕರಾರು ಮಾಡಲಿಲ್ಲ, ಅದೇ ಒಂದು ಆಶ್ಚರ್ಯ.

ನಾನು ಸ್ವಲ್ಪ ಮೊದಲು ನಿವೃತ್ತನಾದೆ, ಅವರು ಆಮೇಲೆ. ಅವರಿಗೆ ದಾಂಡೇಲಿಯಲ್ಲೇ ಸ್ವಂತ ಮನೆ. ಯಜಮಾನರು ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಗ ಸೊಸೆ ಜೊತೆಗಿದ್ದರು, ಮಗಳನ್ನು ಜೋಯಿಡಾಕ್ಕೆ ಕೊಟ್ಟಿದ್ದರು. ನನ್ನ ಮನೆ ಎರಡು ಓಣಿ ಆಚೆ. ಆ ಹೊತ್ತಿಗೆ ಊರಿನಲ್ಲಿದ್ದ ಅವರ ಅಣ್ಣನ ಸುದ್ದಿ ಬಂತು. ಕಬ್ಬು ಬೆಳೆಯುವ ಗಟ್ಟಿ ಮನುಷ್ಯ, ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಒಂದು ಬೆಳಿಗ್ಗೆ ಕುಡಗೋಲು ಹಿಡಿದು ಹೋಗಿ ಬೇರೆಯವರ ಹೊಲದ ಕಬ್ಬು ಕಡಿಯತೊಡಗಿದರಂತೆ. ಹೊಲದವರು ಬಂದು ಕೇಳಿದರೆ, “ನೀವ್ಯಾರು ನನ್ನ ಹೊಲದಾಗ?” ಅಂದರಂತೆ. ಊರವರು ಬಿಸಿಲು ಅಂದರು, ಸಕ್ಕರೆ ಕಾಯಿಲೆ ಅಂದರು, ಹೆಂಡತಿ ಹೋದ ದುಃಖ ಅಂದರು. ಅಣ್ಣನಿಗೆ ಇಟ್ಟಿದ್ದು ಅಜ್ಜನ ಹೆಸರಾದ್ದರಿಂದ ಆ ಹೆಸರಿನ ಮಾತು ಯಾರಿಗೂ ನೆನಪಾಗಲಿಲ್ಲ. ಅಕ್ಕಾರ ಅವರನ್ನು ದಾಂಡೇಲಿಗೆ ಕರೆತಂದರು.

ಅಣ್ಣನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ತೋರಿಸುವುದೆಂದು ಆಯಿತು. ಅಕ್ಕಾರ ನಮ್ಮ ಮನೆಗೆ ಬಂದು, “ಸ್ಟೇರಿಂಗ್ ಇಲ್ಲದ ನಿಮ್ಮ ಕೈ ತುರಸಾಕ್ಹತ್ತಿರಬೇಕು. ಕಾರು ತಗೀರಿ” ಅಂದರು. ನನ್ನ ಹಳೆಯ ಕಾರಿನಲ್ಲಿ ಹೋದೆವು. ಅಣ್ಣ ತಂಗಿ ಹಿಂದಿನ ಸೀಟಿನಲ್ಲಿ, ನಾನು ಮುಂದೆ. ಕನ್ನಡಿಯಲ್ಲಿ ಮತ್ತೆ ಅದೇ ಮುಖ. ಮೊದಲ ಸಲ ರಕ್ತ ತೆಗೆದುಕೊಂಡು, ತಲೆಯ ಸ್ಕ್ಯಾನ್ ಮಾಡಿ, ಕೆಲವು ವಾರ ಬಿಟ್ಟು ಬರಲು ಹೇಳಿದರು. ಎಲ್ಲ ತಿಳಿದದ್ದು ಎರಡನೇ ಸಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಧಾರವಾಡದ ಕಡೆಯವರಿರಬೇಕು, ಮಾತು ನಮ್ಮದೇ. ಸ್ಕ್ಯಾನಿನ ಚಿತ್ರ ತೆಗೆಯುವ ಮೊದಲು ಕೇಳಿದರು, “ಮನ್ಯಾಗ ಮೊದಲ ಯಾರಿಗರ ಹಿಂಗ ಆಗಿತ್ತೇನ್ರಿ?”

“ಆಗಿತ್ರಿ” ಅಂದರು ಅಕ್ಕಾರ. “ನಮ್ಮ ಮನ್ಯಾಗ ಒಂದು ಹೆಸರೈತಿ. ಆ ಹೆಸರಿನವ್ರಿಗೆ ಬರ್ತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾವ ಹೆಸರ್ರಿ?”

“ನಂದ ರೀ.”

ಅಜ್ಜಿಯದನ್ನೂ ದೊಡ್ಡಾಕಿಯದನ್ನೂ ಅಕ್ಕಾರ ಹೇಳಿದರು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿ, ಆಮೇಲೆ ಅಣ್ಣನ ಕಡೆ ನೋಡಿದರು. ಅವರು ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ಇವ್ರ ಹೆಸರು ಅದಲ್ಲಲ್ರಿ?”

“ಅಲ್ರಿ. ಇವ್ರದು ಅಜ್ಜಂದು.”

“ಹಂಗಾರ ಇವ್ರಿಗೆ ಯಾಕ ಬಂತ್ರಿ?”

ಅಕ್ಕಾರ ಅಣ್ಣನ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಡಾಕ್ಟರು ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಆಕೆಗೆ ಋಣಿ. ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಸರಿಸಿಕೊಂಡು, ಚಿತ್ರವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದರು. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೆದುಳಿನೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ತುಂಬ ಇವೆಯಂತೆ. ಅವುಗಳ ಗೋಡೆ ಮೈಯ ಉಳಿದ ಕಡೆಯಂಥದ್ದಲ್ಲ, ಬಹಳ ಬಿಗಿ. ರಕ್ತದಲ್ಲಿ ಹರಿಯುವುದರಲ್ಲಿ ಮೆದುಳಿಗೆ ಬೇಕಾದದ್ದನ್ನಷ್ಟೇ ಒಳಗೆ ಬಿಟ್ಟು, ಬೇಡದ್ದನ್ನು ಹೊರಗೇ ತಡೆಯುತ್ತದೆ. ಆ ಗೋಡೆಯನ್ನು ಕಾಯುವುದಕ್ಕೆಂದೇ ಅದಕ್ಕೆ ಅಂಟಿಕೊಂಡ ಕೋಶಗಳಿರುತ್ತವೆ. ಕೆಲವರಿಗೆ ತಂದೆಯಿಂದಲೋ ತಾಯಿಯಿಂದಲೋ ಒಂದು ಬಗೆಯ ಜೀನ್ ಬಂದಿರುತ್ತದೆ. ಅಂಥವರಲ್ಲಿ ಈ ಕಾವಲು ಬೇಗ ಸೊರಗಿ, ಗೋಡೆ ಒಸರತೊಡಗಬಹುದು. ಒಳಗೆ ಹೋಗಬಾರದ್ದು ಒಳಗೆ ಹೋಗಿ ಮೆದುಳಿಗೆ ಪೆಟ್ಟು ಕೊಡುತ್ತದೆ. ಇದು ಮರೆವು ಕಾಣಿಸಿಕೊಳ್ಳುವ ಮೊದಲೇ, ಮನುಷ್ಯ ಚೆನ್ನಾಗಿ ಓಡಾಡಿಕೊಂಡಿರುವಾಗಲೇ ಶುರುವಾಗಬಹುದು. ಅಣ್ಣನ ರಕ್ತದಲ್ಲಿ ಆ ಜೀನ್ ಸಿಕ್ಕಿತ್ತು. ಅದರ ಮೇಲೆ ಎಷ್ಟೋ ವರ್ಷ ಮಾತ್ರೆ ನುಂಗದೆ ಬಿಟ್ಟ ಬಿಪಿ ಬೇರೆ. ಚಿತ್ರದಲ್ಲಿ ಬಿಳಿ ಮಚ್ಚೆಗಳಿದ್ದವು, ಕಪ್ಪು ಚುಕ್ಕೆಗಳಿದ್ದವು. ಚುಕ್ಕೆ ಇದ್ದಲ್ಲೆಲ್ಲ ಯಾವಾಗಲೋ ಒಂದು ಹನಿ ರಕ್ತ ಸೋರಿದೆ ಅಂದರು.

ನನ್ನ ತಲೆಗೆ ಗಾಡಿ ಬಿಟ್ಟು ಬೇರೇನು ಹೊಳೆಯಬೇಕು? “ರೇಡಿಯೇಟರ್ ಪೈಪಿನಂಗೇನ್ರಿ? ಅದು ಒಡಿಯೂಕಿಂತ ಮೊದಲ ಬೆವರತೈತಿ” ಅಂದೆ.

“ಸುಮಾರು ಹಂಗ” ಅಂದರು ಡಾಕ್ಟರು. “ಪ್ರೆಶರ್ ಕಮ್ಮಿ ಇಟ್ರ ಪೈಪು ಬಾಳಿಕಿ ಬರ್ತೈತಿ. ಆದ್ರ ಎಲ್ಲಾದಕ್ಕೂ ಇದೊಂದ ಕಾರಣ ಅನಬ್ಯಾಡ್ರಿ. ಮರವಿಗೆ ಇನ್ನೂ ಭಾಳ ಕಾರಣ ಅದಾವ.”

ಅಕ್ಕಾರ ಸಣ್ಣ ದನಿಯಲ್ಲಿ ಕೇಳಿದರು, “ನನಗೂ ಇರಬಹುದಲ್ರಿ ಅದು?”

“ಇರಬಹುದ್ರಿ, ಇಲ್ಲದನೂ ಇರಬಹುದು. ಇತ್ತು ಅಂದ್ರ ಮರವು ಬಂದ ಬರ್ತೈತಿ ಅಂತ ಇಲ್ಲ. ಇಲ್ಲದವ್ರಿಗೂ ಮರವು ಬರ್ತೈತಿ.”

ಅಕ್ಕಾರ ಅದನ್ನು ತಮ್ಮ ಲೆಕ್ಕಕ್ಕೆ ತಂದುಕೊಂಡರು. “ಅಂದ್ರ ಟಿಕೆಟ್ ಹರದೈತಿ, ಆದ್ರ ಕಡೀ ಸ್ಟಾಪಿಗೇ ಇಳೀಬೇಕಂತ ಇಲ್ಲ.”

ಈಗ ಡಾಕ್ಟರು ನಕ್ಕರು. “ಟಿಕೆಟ್ ಹರದೈತೋ ಇಲ್ಲೋ ಅನ್ನೂದೂ ಗೊತ್ತಿಲ್ರಿ ಇನ್ನಾ. ಬೇಕಂದ್ರ ಪರೀಕ್ಷಾ ಮಾಡಬಹುದು. ಆದ್ರ ಗೊತ್ತಾದಮ್ಯಾಲೂ ಮಾಡೂದು ಅದ. ಬಿಪಿ, ಸಕ್ಕರಿ ನೋಡಕೋರಿ, ದಿನಾ ನಡೀರಿ, ಚಲೋ ನಿದ್ದಿ ಮಾಡ್ರಿ, ಮಂದೀ ಕೂಡ ಮಾತಾಡ್ರಿ.”

“ಹಂಗಾರ ಪರೀಕ್ಷಾ ಬ್ಯಾಡ ಬಿಡ್ರಿ” ಅಂದರು ಅಕ್ಕಾರ. “ಮಾಡೂದನ್ನ ಮಾಡತೇನಿ. ಮಾತು ಒಂದು ಮೊದಲಿಂದನೂ ನಡದೈತಿ.”

ಧಾರವಾಡ ದಾಟಿ ಹಳಿಯಾಳದ ದಾರಿ ಹಿಡಿದೆವು. ಅಣ್ಣ ಅವರ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ನಾನು ಕನ್ನಡಿಯಲ್ಲಿ ನೋಡಿದೆ. ಅಕ್ಕಾರರ ಕಣ್ಣಲ್ಲಿ ನೀರಿತ್ತು, ಆದರೆ ಅದು ಹೆದರಿಕೆಯದಾಗಿರಲಿಲ್ಲ.

“ಆ ಹೆಸರು ಏನ ತಪ್ಪ ಮಾಡಿತ್ತರಿ ಅಣ್ಣಾರ? ಸುಮ್ಮ ಸುಮ್ಮನ ಬೈಸ್ಕೊಂತ ಬಂತಲ್ಲ” ಅಂದರು. “ನಮ್ಮಜ್ಜಿದು. ನಾ ನೋಡೂ ಇಲ್ಲ ಆಕೀನ. ಆಕಿದು ಅಂತ ನನ್ನ ಕಡೆ ಇರೂದು ಅದೊಂದ. ಅದನ್ನೂ ನಾ ನನ್ನ ಕೂಡ ಸುಡಗಾಡಿಗೆ ಒಯ್ಯಾಕ ನಿಂತಿದ್ನಿ.”

ನಾನು ಗುಂಡಿಗಳನ್ನು ತಪ್ಪಿಸಿ ಹಗುರಾಗಿ ಕಾರು ಓಡಿಸಿದೆ. ಮನೆ ಮುಟ್ಟಿದ ಮೇಲೆ ಅವರು ಮಗನನ್ನು ಕರೆದು, “ಮೊದಲ ಹೇಳಿದ್ದನ್ನ ವಾಪಸ್ ತಗೊಂಡೇನಿ. ಮುಂದ ಹೆಣ್ಣು ಹುಟ್ಟಿದ್ರ ನನ್ನ ಹೆಸರು ಇಡಾಕ ಅಡ್ಡಿ ಇಲ್ಲ” ಅಂದರು. ಮಗ, “ಬಿಡವ್ವಾ, ಈಗ್ಯಾಕ ಆ ಮಾತು” ಎಂದು ಎದ್ದುಹೋದ. ತಾಯಿ ಸಾಯುವ ಮಾತು ಯಾವ ಮಗನಿಗೆ ಬೇಕು? ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಅಂದಿನಿಂದ ಅಕ್ಕಾರ ಊರುಗಳನ್ನು ತಿರುವಿ ಎಣಿಸುವುದನ್ನು ಬಿಟ್ಟರು. ಒಂದು ದಿನ ನಾನೇ ಕೆಣಕಿದೆ. “ಸ್ಟಾಪು ನೆನಪದಾವ್ರಿ?” ಅಂದರೆ, “ನೀವಾ ಎಣಸ್ರಿ. ನಂದು ಡ್ಯೂಟಿ ಮುಗದೈತಿ” ಅಂದರು. ಉಪ್ಪಿನಕಾಯಿ ಬಿಟ್ಟರು, ಇದು ಅವರ ಮಟ್ಟಿಗೆ ಸಣ್ಣ ತ್ಯಾಗವಲ್ಲ. ಮಾತ್ರೆ ತಪ್ಪಿಸಲಿಲ್ಲ. ಬೆಳಿಗ್ಗೆ ಅಣ್ಣನ ಕೈ ಹಿಡಿದು ನಡೆಯಲು ಹೋಗುವರು, ಭಾನುವಾರ ಮಗ ಇಬ್ಬರನ್ನೂ ಮೌಳಂಗಿಗೆ ಹೊಳೆಯ ದಂಡೆಗೆ ಬಿಡುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ. ಒಮ್ಮೆ ಅಲ್ಲಿ ಕಲ್ಲಿನ ಮೇಲೆ ಕೂತಾಗ ಅಣ್ಣ ತಂಗಿಯನ್ನು ದಿಟ್ಟಿಸಿ ನೋಡಿ ಕೇಳಿದರು, “ನೀವ್ಯಾರ್ರಿ?”

“ನಾ ಕಂಡಕ್ಟರ್ರಿ.”

“ಹೌದಾ? ನಮ್ಮ ತಂಗೀನೂ ಕಂಡಕ್ಟರ್ ಅದಾಳ. ಸಣ್ಣಾಕಿ.”

“ಹೌದೇನ್ರಿ? ಹೆಂಗದಾಳ ಆಕಿ?”

“ಭಾಳ ಜೋರದಾಳ” ಅಂದರು ಅಣ್ಣ, ಹೊಳೆಯ ಕಡೆ ತಿರುಗಿ. “ಆದ್ರ ಮನಸು ಚಲೋ ಐತಿ.”

ಅಕ್ಕಾರ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಸ್ವಂತ ಅಣ್ಣ ತನ್ನನ್ನು ಗುರುತಿಸದಿದ್ದರೆ ಯಾರಿಗಾದರೂ ಎದೆ ಒಡೆಯುತ್ತದೆ. ಇವರು ಮನೆಗೆ ಹೋಗಿ ಸೊಸೆಗೆ, “ನೋಡವಾ, ನನ್ನ ಹಿಂದ ನನ್ನ ಬಗ್ಗೆ ಚಲೋನ ಮಾತಾಡತಾರ” ಎಂದು ಹೇಳಿಕೊಂಡು ನಕ್ಕರು.

ಹೋದ ವರ್ಷ ಅಕ್ಕಾರ ತೀರಿಕೊಂಡರು. ಮರೆವಿನಿಂದಲ್ಲ. ಬೆಳಿಗ್ಗೆ ಅಣ್ಣನಿಗೆ ಚಹಾ ಕೊಟ್ಟು, ತಾವೂ ಕುಡಿದು, ಎದೆ ಹಿಡಿದಂತಾಗುತ್ತದೆ ಎಂದು ಗೋಡೆಗೆ ಒರಗಿ ಕೂತರು, ಅಷ್ಟೇ. ಹೃದಯ ನಿಂತಿದೆ ಎಂದರು. ಕೊನೆಯ ದಿನದವರೆಗೂ ಎಲ್ಲರ ಮುಖ, ಎಲ್ಲರ ಹೆಸರು, ನಾನು ಹಳಿಯಾಳದ ದಾರಿಯಲ್ಲಿ ಗಾಡಿಯನ್ನು ಗುಂಡಿಗೆ ಇಳಿಸಿದ್ದು, ಎಲ್ಲ ಅವರಿಗೆ ನೆನಪಿತ್ತು. ಹೆದರಿದ್ದು ಅವರಿಗೆ ಬರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನನಗೆ ಅವರು ಬೇಕಾಗಿದ್ದರು.

ಕಷ್ಟವಾದದ್ದು ಅಣ್ಣನದು. “ಸಣ್ಣಾಕಿ ಎಲ್ಲಿ?” ಎಂದು ಕೇಳುವರು. ಅಕ್ಕಾರರ ಮಗ ನಿಜ ಹೇಳಿದ. ಅವರು ಮಗುವಿನಂತೆ ಅತ್ತರು. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳಿದರು, ಮಗ ಮತ್ತೆ ಹೇಳಿದ, ಅವರು ಮತ್ತೆ ಮೊದಲ ಸಲ ಕೇಳಿದವರಂತೆ ಅತ್ತರು. ಇದನ್ನು ನೋಡಲಾರದೆ ಸೊಸೆ ಒಂದು ದಿನ, “ಡ್ಯೂಟಿಗೆ ಹೋಗ್ಯಾರ್ರಿ ಮಾವಾ” ಅಂದಳು. ಅವರು “ಹಂಗೇನು” ಎಂದು ಸುಮ್ಮನಾದರು. ಆಮೇಲೆ ಅದೇ ಉತ್ತರವಾಯಿತು. ಆದರೆ ಪ್ರತಿ ಸಲ ಆ ಸುಳ್ಳು ಹೇಳುವುದು ಆ ಹುಡುಗಿಗೆ ಸುಲಭವಾಗಿರಲಿಲ್ಲ. ನನಗೇ ಹೇಳಿದ್ದಾಳೆ.

ಸೊಸೆಗೆ ಆಗ ದಿನ ತುಂಬುತ್ತಿತ್ತು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಂತೆ ಮನೆಯಲ್ಲಿ ಹೆಸರಿನ ಮಾತು ಎದ್ದಿತು. ಮಗ ಅವ್ವನ ಹೆಸರೇ ಇಡೋಣ ಎಂದ. ಊರಿನಿಂದ ಬಂದಿದ್ದ ಅಕ್ಕಾರರ ಚಿಗವ್ವ, ಅಂದರೆ ಚಿಕ್ಕಮ್ಮ, ಹಣ್ಣುಹಣ್ಣು ಮುದುಕಿ, “ಬ್ಯಾಡಪಾ. ಜಗತ್ತಿನ್ಯಾಗ ಹೆಸರಿಗೇನು ಬರಗಾಲ ಬಿದ್ದೈತೇನು? ಅದೊಂದ ಬಿಟ್ಟು ಏನರ ಇಡ್ರಿ” ಅಂದರು. ಎಲ್ಲರೂ ಸೊಸೆಯ ಮುಖ ನೋಡಿದರು. ಆಕೆ ಕೂಸನ್ನು ಎದೆಗೆ ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಆಕೆಯೇ ಮಾತು ತೆಗೆದಳು. “ಕಾಕಾ, ಅವತ್ತ ಡಾಕ್ಟರ ಹಂತೇಕ ನೀವಿದ್ರಿ. ಖರೇ ಹೇಳ್ರಿ. ನನ್ನ ಕೂಸಿಗೆ ಅದು ಬರ್ತೈತೇನು?”

ಹುಸಿ ಧೈರ್ಯ ಹೇಳಿಬಿಡಬಹುದಿತ್ತು. ಆದರೆ ಆ ಹುಡುಗಿ ನೇರವಾಗಿ ಕೇಳಿದ್ದಳು. “ಗೊತ್ತಿಲ್ಲವ್ವಾ” ಅಂದೆ. “ಆ ಜೀನ್ ನಿಮ್ಮ ಅತ್ತೀಗೆ ಇತ್ತೋ ಇಲ್ಲೋ, ಅದ ಗೊತ್ತಿಲ್ಲ. ಇದ್ದಿದ್ರೂ ನಿನ್ನ ಗಂಡಗ ಬಂದೈತೋ ಇಲ್ಲೋ, ಅವನಿಂದ ಕೂಸಿಗೆ ಬಂದೈತೋ ಇಲ್ಲೋ. ಬಂದಿದ್ರೂ ಮರವು ಬರಬೇಕಂತಿಲ್ಲ. ಆದ್ರ ಒಂದು ಮಾತು ಮಾತ್ರ ಖರೇ. ಇದ್ರ ಅದು ರಕ್ತದಾಗ ಐತಿ. ಹೆಸರಿನ್ಯಾಗ ಇಲ್ಲ.”

ಆಕೆ ಕೂಸಿನ ಮುಖ ನೋಡಿದಳು. “ಅಂದ್ರ ಬ್ಯಾರೆ ಹೆಸರಿಟ್ರ ಪಾರಾಗತಾಳ ಅನ್ನೂದೂ ಸುಳ್ಳ.”

“ಸುಳ್ಳವ್ವಾ.”

“ಬೆಳದು ದೊಡ್ಡವಳಾದಮ್ಯಾಲ ಉಪ್ಪು ಕಮ್ಮಿ ತಿನ್ನು, ಬಿಪಿ ನೋಡಕೋ ಅಂತ ಹೇಳಬೇಕು, ಅಷ್ಟ” ಅಂದಳು. ಆಮೇಲೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಚಹಾ ಕುಡಿಯದೆಯೇ ಮನೆಗೆ ಬಂದೆ.

ತೊಟ್ಟಿಲ ಶಾಸ್ತ್ರದ ದಿನ ಮನೆ ತುಂಬ ಹೆಂಗಸರು. ಕೂಸಿನ ಸೋದರತ್ತೆ, ಅಂದರೆ ಅಕ್ಕಾರರ ಮಗಳು, ಜೋಯಿಡಾದಿಂದ ಬಂದಿದ್ದಳು. ಹೆಸರು ಹೇಳುವ ಹಕ್ಕು ಅವಳದು. ತೊಟ್ಟಿಲ ಮೇಲೆ ಬಗ್ಗುವ ಮೊದಲು ಅವಳು ಅತ್ತಿಗೆಯ ಕಡೆ ನೋಡಿದಳು. ಸೊಸೆ ತಲೆ ಆಡಿಸಿದಳು. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳಿದಳು. ಸುತ್ತ ನಿಂತವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದುತ್ತ ನಕ್ಕರು. ಅವಳು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಆ ಹೆಸರನ್ನೇ ಹೇಳಿದಳು. ಚಿಗವ್ವ ಗೋಡೆ ಹಿಡಿದುಕೊಂಡು ಬಂದು, ತಮ್ಮ ಪಾಲಿನದೊಂದು ಗುದ್ದನ್ನು ಅವಳ ಬೆನ್ನಿಗೆ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಹೆಸರನ್ನು ನಾನು ಬರೆಯದಿರುವುದು ಇದಕ್ಕೇ. ಅದೀಗ ಆ ಕೂಸಿನದು. ಸಾಲಿಗೆ ಹೋಗಿ, ಪಾಟಿಯ ಮೇಲೆ ಅದನ್ನು ಮೊದಲು ಬರೆಯಬೇಕಾದವಳು ಅವಳು.

ಊಟ ಮುಗಿದು ಹೆಂಗಸರೆಲ್ಲ ಹೊರಟರು. ಮಧ್ಯಾಹ್ನದ ಹೊತ್ತು. ನಾನು ಪಡಸಾಲೆಯಲ್ಲಿ ಅಣ್ಣನ ಪಕ್ಕದಲ್ಲಿ ಕೂತಿದ್ದೆ. ಅಷ್ಟು ಗದ್ದಲದಲ್ಲೂ ಅವರು ಯಾವುದನ್ನೂ ಗಮನಿಸಿದಂತೆ ಕಾಣಲಿಲ್ಲ. ಸೊಸೆ ಕೂಸನ್ನು ಮಲಗಿಸಿ ತೊಟ್ಟಿಲು ತೂಗುತ್ತಿದ್ದಳು. ಅಣ್ಣ ಇದ್ದಕ್ಕಿದ್ದಂತೆ ಅತ್ತ ತಿರುಗಿ ಎಂದಿನಂತೆ ಕೇಳಿದರು, “ಸಣ್ಣಾಕಿ ಎಲ್ಲಿ?”

ಸೊಸೆ ಎಂದಿನ ಉತ್ತರ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ತೊಟ್ಟಿಲ ಕಡೆ ನೋಡಿದಳು. ಅತ್ತೆಯ ಹೆಸರನ್ನು ಅವಳಂತೂ ಕೂಗುವಂತಿಲ್ಲ. ಮಗಳನ್ನು ಏನೆಂದು ಕರೆಯಬೇಕು ಎಂಬುದು ಅವಳಿಗೆ ಆಗಲೇ ಹೊಳೆದಿರಬೇಕು.

“ತೊಟ್ಟಲದಾಗ ಮಲಗ್ಯಾಳ್ರಿ ಮಾವಾ” ಅಂದಳು.

“ಮಲಗ್ಲಿ, ಎಬ್ಬಸಬ್ಯಾಡ” ಅಂದರು ಅಣ್ಣ. “ಡ್ಯೂಟಿ ಭಾಳ ಆಗೇತಿ ಆಕಿಗೆ.”